ನದಿಯ ದಡದಿಂದ ಎದ್ದು ಹೋದ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಅಲಾಸ್ಕಾ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಯೂಕಾನ್ ಮತ್ತು ಕುಸ್ಕೊಕ್ವಿಮ್ ಎಂಬ ಎರಡು ಮಹಾನದಿಗಳು ಬೇರಿಂಗ್ ಸಮುದ್ರ ಸೇರುವ ಕಡೆ, ಮರಗಳಿಲ್ಲದ ಜೌಗು ಬಯಲೊಂದು ಹರಡಿದೆ. ಅಲ್ಲಿ ನಿಂಗ್ಲಿಕ್ ನದಿಯ ದಡದಲ್ಲಿ ನ್ಯೂಟಾಕ್ ಎಂಬ ಊರಿತ್ತು. ಸುಮಾರು 350 ಜನ, ಬಹುತೇಕ ಎಲ್ಲರೂ ಯೂಪಿಕ್ ಜನಾಂಗದವರು. ಹೊರಗಿನಿಂದ ಆ ಊರಿಗೆ ರಸ್ತೆಯಿರಲಿಲ್ಲ. ಹೋಗಬೇಕೆಂದರೆ ಸಣ್ಣ ವಿಮಾನ, ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಯಂತ್ರದ ಬಂಡಿ.

ಯೂಪಿಕ್ ಎಂದರೆ ‘ನಿಜವಾದ ಮನುಷ್ಯ’. ಈ ಜನರ ಒಂದು ಪದ್ಧತಿ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ನಿಂತಿದೆ. ಯಾರಾದರೂ ತೀರಿಕೊಂಡರೆ, ಆನಂತರ ಹುಟ್ಟಿದ ಮಗುವಿಗೆ ಅವರ ಹೆಸರಿಡುತ್ತಾರೆ. ತಾಯಿಯನ್ನು ಕಳೆದುಕೊಂಡ ಮಗ ಆ ಹೆಸರಿನ ಕೂಸನ್ನು ‘ಅಮ್ಮ’ ಎಂದೇ ಕರೆಯುವುದುಂಟು. ಹೋದವರು ಮರಳಿ ಬರುತ್ತಾರೆಂಬುದು ಅವರ ನಂಬಿಕೆ.

ಅವರ ಬದುಕೂ ಹೋಗಿ ಬರುವುದರಲ್ಲೇ ಇತ್ತು. ಚಳಿಗಾಲಕ್ಕೊಂದು ನೆಲೆ, ಬೇಸಿಗೆಗೆ ಮೀನು ಹಿಡಿಯುವ ಬಿಡಾರ. ಹೆರಿಂಗ್ ಮೀನು ಬರುವ ಕಾಲಕ್ಕೆ ನೆಲ್ಸನ್ ದ್ವೀಪದಲ್ಲಿ ಗುಡಾರ. 1949ರ ಹೊತ್ತಿಗೆ ಸರ್ಕಾರ ಅಲ್ಲಿನ ಮಕ್ಕಳಿಗೆ ಶಾಲೆ ಕಟ್ಟಲು ಹೊರಟಿತು. ಸಾಮಾನು ಹೇರಿದ ದೊಡ್ಡ ದೋಣಿ ನದಿಯಲ್ಲಿ ಎಲ್ಲಿಯವರೆಗೆ ಬರಬಲ್ಲದೋ ಅಲ್ಲಿಯೇ ಶಾಲೆ ಎದ್ದಿತು. ಮಕ್ಕಳ ಹಿಂದೆ ತಾಯ್ತಂದೆಯರು ಬಂದರು, ಊರು ನೆಲೆನಿಂತಿತು. ದೋಣಿಯ ಅನುಕೂಲ ನೋಡಿ ಆರಿಸಿದ ಜಾಗಕ್ಕೆ ಒಂದು ಜನಸಮುದಾಯವನ್ನೇ ಕಟ್ಟಿಹಾಕಿದ್ದು ನನಗೆ ಇಂದಿಗೂ ಅನ್ಯಾಯವೆಂದೇ ಕಾಣುತ್ತದೆ.

ಆ ನೆಲದ ಗಟ್ಟಿತನವೆಲ್ಲ ಅದರೊಳಗಿನ ಮಂಜುಗಡ್ಡೆಯದು. ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣು ಭೂಮಿ ಬಿಸಿಯಾದಂತೆ ಕರಗಿತು. ಮನೆಗಳು ವಾಲಿದವು, ದಡ ಕುಸಿಯಿತು. ಸಮುದ್ರ ಹೆಪ್ಪುಗಟ್ಟುವುದು ತಡವಾದ್ದರಿಂದ ಶರತ್ಕಾಲದ ಬಿರುಗಾಳಿಯ ಅಲೆಗಳಿಗೆ ತಡೆಯೇ ಇಲ್ಲದಾಯಿತು. ನದಿ ವರ್ಷಕ್ಕೆ ಸರಾಸರಿ 20 ಮೀಟರಿನಷ್ಟು ದಡವನ್ನು ನುಂಗುತ್ತಾ ಬಂತು. 1996ರಲ್ಲಿ ಊರಿನ ಕಸ ಸುರಿಯುವ ಜಾಗವೇ ಕೊಚ್ಚಿಹೋಯಿತು.

ಜನರು ಸುಮ್ಮನೆ ಕೂರಲಿಲ್ಲ. ಮತ ಹಾಕಿ, ಸುಮಾರು 15 ಕಿಲೋಮೀಟರ್ ದೂರದ ನೆಲ್ಸನ್ ದ್ವೀಪಕ್ಕೆ ಹೋಗುವುದೆಂದು ತೀರ್ಮಾನಿಸಿದರು. ಹಿರಿಯರ ಬೇಸಿಗೆಯ ದ್ವೀಪ ಅದು, ಜ್ವಾಲಾಮುಖಿಯ ಕಲ್ಲಿನ ಗಟ್ಟಿ ನೆಲ. 2003ರಲ್ಲಿ ಅಮೆರಿಕದ ಸಂಸತ್ತು ಭೂಮಿಯ ವಿನಿಮಯಕ್ಕೆ ಒಪ್ಪಿತು. ಆದರೆ ಊರು ಸಾಗಿಸುವ ವೆಚ್ಚ 8ರಿಂದ 13 ಕೋಟಿ ಡಾಲರ್ ಎಂದು ಸೇನೆಯ ಎಂಜಿನಿಯರುಗಳು ಲೆಕ್ಕ ಹಾಕಿದರು. ಅಷ್ಟು ಹಣ ಕೊಡುವವರು ಯಾರು? ವಿಪತ್ತು ಪರಿಹಾರದ ಕಾನೂನು ಒಂದೇ ದಿನದಲ್ಲಿ ಬಂದೆರಗುವ ಪ್ರವಾಹವನ್ನು, ಬಿರುಗಾಳಿಯನ್ನು ಬಲ್ಲದು. ದಿನದಿನವೂ ಇಂಚಿಂಚಾಗಿ ಕರಗುವ ಊರನ್ನು ಅರಿಯದು. ವಿಪತ್ತು ಪೀಡಿತವೆಂದು ಘೋಷಿಸಿರೆಂದು ಊರಿನವರು ಸಲ್ಲಿಸಿದ ಮನವಿ 2017ರ ಜನವರಿಯಲ್ಲಿ ತಿರಸ್ಕೃತವಾಯಿತು. ಹಳೆಯ ಊರು ಬಿಟ್ಟುಹೋಗುವ ಊರೆಂದು ಅಲ್ಲಿ ರಿಪೇರಿಯಿಲ್ಲ. ಹೊಸದರಲ್ಲಿ ಜನವೇ ಇಲ್ಲವೆಂದು ಅಲ್ಲಿ ಶಾಲೆಯಿಲ್ಲ, ವಿಮಾನದ ಓಡುದಾರಿಯಿಲ್ಲ. ಋತು ಬದಲಾದೊಡನೆ ಗುಡಾರ ಕಿತ್ತು ಹೊರಡುತ್ತಿದ್ದ ಜನರು ಕಚೇರಿಗಳ ಬಾಗಿಲಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಾದರು.

2019ರ ಅಕ್ಟೋಬರಿನಲ್ಲಿ ಮೊದಲ ಕುಟುಂಬಗಳು ದಾಟಿದವು. ಉಳಿದವರು ಐದು ವರ್ಷ ಆಚೆ ದಡದಲ್ಲೇ ಉಳಿದರು. ಅಜ್ಜಿ ಇಲ್ಲಿ, ಮೊಮ್ಮಗ ಅಲ್ಲಿ. 2024ರಲ್ಲಿ ಕೊನೆಯವರೂ ಬಂದು ಸೇರಿದರು.

ಹೊಸ ಊರಿನ ಹೆಸರು ಮೆರ್ಟಾರ್ವಿಕ್. ನೀರು ತರುವ ತಾಣವೆಂದು ಅರ್ಥ, ಅಲ್ಲೊಂದು ಚಿಲುಮೆಯಿದೆ. ನಲ್ಲಿಯ ಕೊಳವೆ ಇನ್ನೂ ಮುಟ್ಟದ ಮನೆಗಳು ಅಲ್ಲಿ ಹಲವಿವೆ. ಆ ಮನೆಗಳವರು ಹಿರಿಯರಂತೆಯೇ ನೀರನ್ನು ಹೊತ್ತು ತರುತ್ತಿದ್ದಾರೆ.

ನಮಸ್ಕಾರ.