ತಾಳ್ಮೆಗೆ ಇಂಗ್ಲಿಷಿನಲ್ಲಿ ಏನಂತಾರೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ಒಂದು ಶನಿವಾರ ಮಧ್ಯಾಹ್ನ ತಿಪಟೂರಿನಲ್ಲಿ, ಬಿಕಾಂ ಕೊನೇ ವರ್ಷದ ಹುಡುಗಿಯೊಬ್ಬಳು ನನ್ನೆದುರು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಕಣ್ಣು ಗೋಡೆಯ ಮೇಲೆ. 'ಐ ಹ್ಯಾವ್ ಪೇಷಂಟ್, ಐ ಆ್ಯಮ್ ಕಾನ್ಫಿಡೆನ್ಸ್, ಐ ಆ್ಯಮ್ ಹಾರ್ಡ್‌ವರ್ಕಿಂಗ್ ಆ್ಯಂಡ್ ಸಿನ್ಸಿಯರ್' ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಆಮೇಲೆ ಮೆಲ್ಲಗೆ, 'ಸರಿ ಆಯ್ತಾ ಮೇಡಂ?' ಅಂದಳು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವಳು. ಈಗ ಶನಿವಾರ ಮಧ್ಯಾಹ್ನ ಡಿಗ್ರಿ ಮಕ್ಕಳು ಬರುತ್ತಾರೆ, ಅವರಿಗೆ ಇಂಟರ್‌ವ್ಯೂ ಅಭ್ಯಾಸ ಮಾಡಿಸುತ್ತೇನೆ. ಹೆಚ್ಚಿನವರು ಕನ್ನಡ ಮೀಡಿಯಂನವರು. 2007ರಿಂದ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ, ಹಾಗಾಗಿ ಈ ಮಕ್ಕಳು ಇಂಗ್ಲಿಷನ್ನು ಹದಿನೈದು ವರ್ಷ ಓದಿದ್ದಾರೆ. ಪದ್ಯ ಓದಿದ್ದಾರೆ, ವ್ಯಾಕರಣ ಓದಿದ್ದಾರೆ, ರಜೆ ಕೇಳುವ ಪತ್ರ ಬರೆದಿದ್ದಾರೆ. ಆದರೆ ಆ ಹದಿನೈದು ವರ್ಷದಲ್ಲಿ 'ನೀನು ಎಂಥವಳು, ನಿನ್ನ ಸ್ವಭಾವ ಏನು, ಹೇಳಮ್ಮ' ಅಂತ ಇಂಗ್ಲಿಷಿನಲ್ಲಿ ಒಬ್ಬರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ. ಪರೀಕ್ಷೆಯಲ್ಲಿ ಅದು ಬರೋದಿಲ್ಲ ನೋಡಿ.

ಕೆಲಸದ ಇಂಟರ್‌ವ್ಯೂನಲ್ಲಿ ಮಾತ್ರ ಅದೇ ಮೊದಲ ಪ್ರಶ್ನೆ. 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್.' ಮಕ್ಕಳು ಮೊಬೈಲ್‌ನಲ್ಲಿ ಹುಡುಕಿ ಗುಣಗಳ ಪಟ್ಟಿ ಇಳಿಸಿಕೊಳ್ಳುತ್ತಾರೆ. ಡೆಡಿಕೇಟೆಡ್, ಡೈನಾಮಿಕ್, ಫ್ಲೆಕ್ಸಿಬಲ್, ಟೀಮ್ ಪ್ಲೇಯರ್. ಉರು ಹೊಡೆದು ಒಪ್ಪಿಸುತ್ತಾರೆ. ಹತ್ತು ಜನ ಬಂದರೆ ಹತ್ತೂ ಜನ 'ಹಾರ್ಡ್‌ವರ್ಕಿಂಗ್ ಆ್ಯಂಡ್ ಸಿನ್ಸಿಯರ್'. ಎದುರು ಕೂತವರಿಗೆ ಹತ್ತನೆಯವರ ಮುಖವೂ ನೆನಪಿರುವುದಿಲ್ಲ.

ಆ ಹುಡುಗಿಯ 'ಐ ಹ್ಯಾವ್ ಪೇಷಂಟ್' ಇದೆಯಲ್ಲ, ಅದರ ಬಗ್ಗೆ ನಾನು ಬಹಳ ದಿನ ಯೋಚನೆ ಮಾಡಿದೆ. ಕ್ಲಾಸಿನಲ್ಲಿ ಅದಕ್ಕೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು ಮುಂದೆ ಹೋಗುತ್ತಿದ್ದೆ. ಈಗ ಅನ್ನಿಸುತ್ತದೆ, ಆ ತಪ್ಪಿನ ಒಳಗೆ ನಮ್ಮ ಕನ್ನಡವೇ ಕೂತಿದೆ. ನಾವು ಹೇಗೆ ಹೇಳುತ್ತೇವೆ? 'ನನಗೆ ತಾಳ್ಮೆ ಇದೆ.' 'ನನಗೆ ಧೈರ್ಯ ಇದೆ.' 'ನನಗೆ ಕೋಪ ಬರುತ್ತೆ.' 'ನನಗೆ ನಾಚಿಕೆ ಆಗುತ್ತೆ.' ಗುಣ ಅನ್ನೋದು ನಮ್ಮ ಹತ್ತಿರ ಇರುತ್ತದೆ, ಬರುತ್ತದೆ, ಆಗುತ್ತದೆ. ಇಂಗ್ಲಿಷಿನವರು ಹಾಗಲ್ಲ, ತಾವೇ ಆ ಗುಣ ಆಗಿಬಿಡುತ್ತಾರೆ. ಐ ಆ್ಯಮ್ ಪೇಷಂಟ್, ಐ ಆ್ಯಮ್ ಬ್ರೇವ್, ಐ ಆ್ಯಮ್ ಆ್ಯಂಗ್ರಿ, ಐ ಆ್ಯಮ್ ಶೈ. ಪಾಪ, ನಮ್ಮ ಹುಡುಗಿ 'ಇದೆ' ಅನ್ನೋದಕ್ಕೆ 'ಹ್ಯಾವ್' ಹಾಕಿದಳು, ಗುಣಕ್ಕೆ ಸಿಕ್ಕ ಪದ ಹಾಕಿದಳು. 'ಹ್ಯಾವ್' ಅಂದರೆ ಮುಂದೆ 'ಪೇಷನ್ಸ್' ಬರಬೇಕು, 'ಆ್ಯಮ್' ಅಂದರೆ 'ಪೇಷಂಟ್'. 'ಐ ಹ್ಯಾವ್ ಕಾನ್ಫಿಡೆನ್ಸ್', ಆದರೆ 'ಐ ಆ್ಯಮ್ ಕಾನ್ಫಿಡೆಂಟ್'. ಆನೆಸ್ಟಿ, ಆನೆಸ್ಟ್. ರೆಸ್ಪಾನ್ಸಿಬಿಲಿಟಿ, ರೆಸ್ಪಾನ್ಸಿಬಲ್. ಜೋಡಿ ಜೋಡಿಯಾಗಿ ಕಲಿತರೆ ಒಂದು ವಾರದಲ್ಲಿ ಸರಿಹೋಗುತ್ತದೆ. ಆದರೆ ಯಾಕೆ ತಪ್ಪಾಯಿತು ಅಂತ ಹೇಳಿಕೊಡದೆ ಬರೀ ಅಡ್ಡಗೆರೆ ಎಳೆದರೆ, ಮಗು ತನಗೇ ಬುದ್ಧಿ ಕಮ್ಮಿ ಅಂದುಕೊಳ್ಳುತ್ತದೆ.

ಇದನ್ನೆಲ್ಲ ವಿವರಿಸಿದ ಮೇಲೆ ಅವಳು ಇನ್ನೊಂದು ಕಷ್ಟ ಹೇಳಿದಳು. 'ಐ ಆ್ಯಮ್ ಪೇಷಂಟ್ ಅಂದ್ರೆ ನಾನು ಆಸ್ಪತ್ರೆ ಪೇಷಂಟ್ ಅಂದ್ಕೊಳಲ್ವಾ ಮೇಡಂ?' ನಿಜವಾದ ಅನುಮಾನ. ನಮ್ಮ ಊರಿನಲ್ಲಿ ಪೇಷಂಟ್ ಅಂದರೆ ರೋಗಿ, ಬೇರೆ ಅರ್ಥವೇ ಇಲ್ಲ. 'ಐ ಆ್ಯಮ್ ಎ ಪೇಷಂಟ್' ಅಂದರೆ ರೋಗಿ, ನಡುವೆ ಆ 'ಎ' ಇಲ್ಲದಿದ್ದರೆ ತಾಳ್ಮೆಯವಳು, ಅಷ್ಟೇ ವ್ಯತ್ಯಾಸ. ಎರಡೂ ಬಂದದ್ದು ಒಂದೇ ಲ್ಯಾಟಿನ್ ಮಾತಿನಿಂದ. ಅದರ ಅರ್ಥ ನೋವು ತಡೆದುಕೊಳ್ಳುವುದು, ತಾಳಿಕೊಳ್ಳುವುದು. ನಮ್ಮ ತಾಳ್ಮೆಯೂ ತಾಳು ಅನ್ನೋದರಿಂದಲೇ ಬಂದದ್ದು. ಎಲ್ಲಿಯ ರೋಮ್, ಎಲ್ಲಿಯ ತಿಪಟೂರು, ಎರಡು ಕಡೆಯ ಜನರಿಗೂ ಒಂದೇ ಯೋಚನೆ ಬಂದಿದೆ ನೋಡಿ. ಅದನ್ನು ಕೇಳಿ ಅವಳ ಮುಖ ಸ್ವಲ್ಪ ಸಡಿಲವಾಯಿತು.

ಆಮೇಲೆ ನಾನು, 'ಇಂಗ್ಲಿಷ್ ಬಿಡು, ಕನ್ನಡದಲ್ಲಿ ಹೇಳು, ನಿನಗೆ ತಾಳ್ಮೆ ಇದೆ ಅಂತ ನಿನಗೆ ಹೇಗೆ ಗೊತ್ತು?' ಅಂತ ಕೇಳಿದೆ.

ಸುಮ್ನೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕೊಬ್ಬರಿ ವಿಷಯ ತೆಗೆದಳು. ಅವರ ಮನೆಯಲ್ಲಿ ತೆಂಗಿನಕಾಯಿಯನ್ನು ಎಳನೀರಿಗೆ ಕೀಳುವುದಿಲ್ಲ, ಬಲಿಯಲು ಬಿಟ್ಟು, ಕೆಡವಿ, ಅಟ್ಟಕ್ಕೆ ಹಾಕುತ್ತಾರೆ. ಅಲ್ಲಿ ಅದು 10-11 ತಿಂಗಳು ಇರಬೇಕು. ಒಳಗಿನ ನೀರು ತಾನಾಗಿಯೇ ಆರಬೇಕು, ತಿರುಳು ಚಿಪ್ಪಿನಿಂದ ಬಿಡಬೇಕು. ಆಗ ಸುಲಿದು ಒಡೆದರೆ ಇಡೀ ಉಂಡೆ ಕೊಬ್ಬರಿ. ಅವಸರ ಮಾಡಿ ಮುಂಚೆ ಒಡೆದರೆ ಹಸಿ ಇರುತ್ತದೆ, ಬೆಲೆ ಸಿಗುವುದಿಲ್ಲ. ಅವಳು ಪಿಯುಸಿಯಲ್ಲಿದ್ದಾಗಿನಿಂದ ಆ ಅಟ್ಟದ ಲೆಕ್ಕ ಅವಳದೇ. ಯಾವ ತಿಂಗಳು ಎಷ್ಟು ಕಾಯಿ ಹತ್ತಿಸಿದರು, ಯಾವ ಕಡೆಯದು ಹಳೆಯದು, ಎಪಿಎಂಸಿಯಲ್ಲಿ ಆ ದಿನ ಕ್ವಿಂಟಾಲಿಗೆ ಎಷ್ಟು, ಎಲ್ಲಾ ಒಂದು ಉದ್ದ ನೋಟ್‌ಬುಕ್ಕಿನಲ್ಲಿ. ಹೇಳುತ್ತಾ ಹೇಳುತ್ತಾ ಅವಳ ಬಲಗೈ ತಾನಾಗಿಯೇ ಮೇಲೆ ಬಂತು. ಕಿವಿಯ ಹತ್ತಿರ ಇಲ್ಲದ ಕಾಯಿಯೊಂದನ್ನು ಹಿಡಿದು ಅಲ್ಲಾಡಿಸಿದಳು. 'ಹಿಂಗೆ ಅಲ್ಲಾಡಿಸಿದ್ರೆ ಗೊತ್ತಾಗುತ್ತೆ ಮೇಡಂ, ನೀರಿನ ಶಬ್ದ ಹೋಗಿ ಗಟಗಟ ಅಂತ ಕೊಬ್ಬರಿ ಶಬ್ದ ಬರ್ಬೇಕು.'

ಕಣ್ಣು ಗೋಡೆ ಬಿಟ್ಟು ನನ್ನ ಮೇಲೆ ಬಂದಿತ್ತು.

ನಾನು ಅವಳಿಗೆ ಹೇಳಿದೆ: 'ಇದನ್ನೇ ಹೇಳಮ್ಮ. ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಹೇಳು. ಕೊನೆಯಲ್ಲಿ ಬೇಕಾದರೆ ಪೇಷಂಟ್ ಅನ್ನು.' ಆ ನೋಟ್‌ಬುಕ್ಕಿಗೆ ಒಂದು ಪದ ಬೇಕಿತ್ತು. ಕನ್ನಡದಲ್ಲಿ ಅದು ಅಚ್ಚುಕಟ್ಟು. ಅಚ್ಚುಕಟ್ಟಿನ ಹುಡುಗಿ ಅಂದರೆ ನಮಗೆಲ್ಲ ಕಣ್ಣಿಗೆ ಕಟ್ಟುತ್ತದೆ. ಇಂಗ್ಲಿಷಿನಲ್ಲಿ 'ನೀಟ್' ಅಂದರೆ ಬರೀ ಬಟ್ಟೆ, ಕೈಬರಹದ ಕಡೆ ಹೋಗುತ್ತದೆ. 'ಆರ್ಗನೈಸ್ಡ್' ಸರಿ, 'ಮೆಥಾಡಿಕಲ್' ಇನ್ನೂ ಹತ್ತಿರ. ಅವಳು 'ಆರ್ಗನೈಸ್ಡ್' ಆರಿಸಿಕೊಂಡಳು, ನಾಲಿಗೆ ತಿರುಗುತ್ತದೆ ಅಂತ. ಒಳ್ಳೆಯ ಕಾರಣವೇ. ಹೇಳಲು ಬಾರದ ಪದ ಎಷ್ಟು ದೊಡ್ಡದಿದ್ದರೂ ಇಂಟರ್‌ವ್ಯೂನಲ್ಲಿ ಅದು ನಮ್ಮದಾಗುವುದಿಲ್ಲ.

ಇನ್ನೊಂದು ಅಡ್ಡಿ ಇದೆ, ಇದು ಭಾಷೆಯದಲ್ಲ. ನಮ್ಮ ಮನೆಗಳಲ್ಲಿ ತನ್ನನ್ನು ತಾನು ಹೊಗಳಿಕೊಳ್ಳುವುದು ತಪ್ಪು. ತುಂಬಿದ ಕೊಡ ತುಳುಕುವುದಿಲ್ಲ ಅಂತ ಅಜ್ಜಿಯಿಂದ ಕೇಳಿಯೇ ಬೆಳೆದವರು ನಾವು. ಆ ಮಗುವನ್ನು ಕರೆದು ಅಪರಿಚಿತರ ಮುಂದೆ ಕೂರಿಸಿ, ನಿನ್ನ ಒಳ್ಳೆಯ ಗುಣ ಹೇಳು ಅಂದರೆ ಅದರ ಬಾಯಿ ಕಟ್ಟುತ್ತದೆ. ಎಷ್ಟೋ ಸಲ ಇಂಗ್ಲಿಷ್ ಬರೋದಿಲ್ಲ ಅಂತ ನಾವು ಅಂದುಕೊಳ್ಳುವುದು ಇಂಗ್ಲಿಷಿನ ಕೊರತೆ ಅಲ್ಲವೇ ಅಲ್ಲ, ಸಂಕೋಚ. ಅದಕ್ಕೇ ನಾನು ಹೊಗಳಿಕೊಳ್ಳಲು ಹೇಳುವುದಿಲ್ಲ, ಮಾಡಿದ ಕೆಲಸ ಹೇಳಿ ಅನ್ನುತ್ತೇನೆ. ಅಟ್ಟದ ಲೆಕ್ಕ ನಾನು ಬರೆದೆ ಅನ್ನೋದು ಜಂಬ ಅಲ್ಲ ಅಲ್ವಾ?

ನಾವು ಕನ್ನಡದಲ್ಲೇ ದಿನಾ ಬಳಸುವ ಇಂಗ್ಲಿಷ್ ಪದಗಳೂ ಕೆಲವು ಸಲ ಕೈಕೊಡುತ್ತವೆ. 'ಹುಡುಗ ಸ್ಮಾರ್ಟ್ ಆಗಿದಾನೆ' ಅಂದರೆ ನಮ್ಮಲ್ಲಿ ನೋಡೋಕೆ ಚೆನ್ನಾಗಿದ್ದಾನೆ ಅಂತ, ಅಮೆರಿಕದವರ ಕಿವಿಗೆ ಬುದ್ಧಿವಂತ ಅಂತ. 'ಇನ್ನೊಸೆಂಟ್' ಅಂದರೆ ನಮಗೆ ಪಾಪದವನು, ಕೋರ್ಟಿನ ಇಂಗ್ಲಿಷಿನಲ್ಲಿ ತಪ್ಪು ಮಾಡದವನು. ಮದುವೆ ಜಾಹೀರಾತಿನ 'ಹೋಮ್ಲಿ ಗರ್ಲ್' ಅಂತೂ ಅಮೆರಿಕದಲ್ಲಿ ಹೇಳಬೇಡಿ, ಅಲ್ಲಿ ಅದು ರೂಪ ಅಷ್ಟಕ್ಕಷ್ಟೇ ಅನ್ನುವ ಅರ್ಥ.

ಓದಿನ ಪದಗಳದ್ದೂ ಇದೇ ಕಥೆ. 'ಐ ಪಾಸ್ಡ್ ಔಟ್ ಇನ್ 2023' ಅಂತ ನಮ್ಮ ಮಕ್ಕಳು ಹೇಳುತ್ತಾರೆ. ಬೆಂಗಳೂರಿನ ಕಂಪನಿಗಳ ಜಾಹೀರಾತಿನಲ್ಲೇ 'ಪಾಸ್‌ಔಟ್' ಅಂತ ಇರುತ್ತದೆ, ಹಾಗಾಗಿ ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಲಂಡನ್ನಿನವರು ಕೂತಿದ್ದರೆ ಅವರಿಗೆ ಅದು ಪ್ರಜ್ಞೆ ತಪ್ಪಿ ಬಿದ್ದೆ ಅಂತ ಕೇಳುತ್ತದೆ. 'ಐ ಗ್ರಾಜುಯೇಟೆಡ್' ಅನ್ನಿ, ಇಲ್ಲ 'ಐ ಕಂಪ್ಲೀಟೆಡ್ ಮೈ ಬಿಕಾಂ' ಅನ್ನಿ, ಎಲ್ಲಾ ಕಡೆ ನಡೆಯುತ್ತದೆ. 'ಫ್ರೆಷರ್' ಅಂದರೆ ನಮ್ಮಲ್ಲಿ ಮೊದಲ ಕೆಲಸ ಹುಡುಕುವವರು, ಬ್ರಿಟನ್ನಿನಲ್ಲಿ ಯೂನಿವರ್ಸಿಟಿಗೆ ಈಗ ತಾನೇ ಸೇರಿದವರು. 'ಟ್ಯೂಷನ್' ನಮಗೆ ಸಂಜೆಯ ಮನೆಪಾಠ, ಅಮೆರಿಕದಲ್ಲಿ ಕಾಲೇಜಿನ ಫೀಸು. ಮತ್ತೆ ಪಿಯುಸಿ! ನಮಗೆ ಅಷ್ಟು ಪರಿಚಯದ ಪದ, ದೆಹಲಿಯವರಿಗೇ ಅರ್ಥ ಆಗೋದು ಕಷ್ಟ. 'ಟ್ವೆಲ್ತ್ ಸ್ಟ್ಯಾಂಡರ್ಡ್' ಅಂತ ಸೇರಿಸಿಬಿಡಿ.

ಒಬ್ಬ ಹುಡುಗ ಪ್ರತಿ ಸಲ 'ಮೈ ಕ್ಯಾರಿಯರ್' ಅನ್ನುತ್ತಿದ್ದ. ಪಕ್ಕದವರು ಊಟದ ಕ್ಯಾರಿಯರ್ ಅಂತ ನಕ್ಕರು, ಅವನು ಕುಗ್ಗಿಹೋದ. ನನಗೆ ಬೇಜಾರಾಯಿತು. ಊಟದ ಡಬ್ಬಿಗೆ, ಸೈಕಲ್ಲಿನ ಹಿಂದಿನ ಸೀಟಿಗೆ 'ಕ್ಯಾರಿಯರ್', ಒತ್ತು ಮೊದಲಿಗೆ. ವೃತ್ತಿಗೆ 'ಕರೀಯರ್', ಒತ್ತು ನಡುವೆ. ಇದನ್ನು ಅವನಿಗೆ ತಿದ್ದಿದೆ, ಹೌದು. ಜೊತೆಗೆ ನಕ್ಕವರಿಗೂ ಒಂದು ವಿಷಯ ಹೇಳಿದೆ. ಎರಡೂ ಪದ ಲ್ಯಾಟಿನ್ ಭಾಷೆಯ ಗಾಡಿ ಅನ್ನುವ ಒಂದೇ ಪದದಿಂದ ಹುಟ್ಟಿದವು. ಒಂದು ಗಾಡಿಯಲ್ಲಿ ಹೊರುವುದಾಯಿತು, ಇನ್ನೊಂದು ಗಾಡಿ ಓಡುವ ದಾರಿಯಾಯಿತು, ಆಮೇಲೆ ಓಟದ ಪಂದ್ಯದ ದಾರಿ, ಕೊನೆಗೆ ಬದುಕಿನ ದಾರಿ. ಅವನು ಅಣ್ಣತಮ್ಮಂದಿರನ್ನು ಅದಲುಬದಲು ಮಾಡಿಕೊಂಡಿದ್ದ, ಅಷ್ಟೇ.

ಅದೇ ಹುಡುಗ ಇಂಟರ್‌ವ್ಯೂಗೆ ಬಿಳಿ ಅಂಗಿಯೇ ಆಗಬೇಕಾ ಅಂತ ಕೇಳಿದ. ಅವನ ಹತ್ತಿರ ಇದ್ದದ್ದು ತಿಳಿ ನೀಲಿಯದು. ಅದೇ ಸಾಕಪ್ಪ, ಇಸ್ತ್ರಿ ಇರಲಿ ಅಂದೆ. ಆದರೆ ಅವನ ಪ್ರಶ್ನೆ ಬಹಳ ಹಳೆಯದು. ಹಿಂದೆ ರೋಮ್‌ನಲ್ಲಿ ಅಧಿಕಾರದ ಹುದ್ದೆಗೆ ನಿಲ್ಲುವವರು ಸುಣ್ಣದಂಥ ಪುಡಿ ಹಾಕಿ ಬೆಳ್ಳಗೆ ಮಾಡಿದ ಬಟ್ಟೆ ಉಟ್ಟು ಜನರ ಮುಂದೆ ಬರುತ್ತಿದ್ದರು. ಬಿಳಿ ಬಟ್ಟೆಯವನು ಅನ್ನುವ ಆ ಲ್ಯಾಟಿನ್ ಮಾತೇ ಇವತ್ತಿನ 'ಕ್ಯಾಂಡಿಡೇಟ್'.

ಗುಣಗಳಲ್ಲಿ ನನಗೆ ತುಂಬಾ ಇಷ್ಟವಾದ ಚರ್ಚೆ ಹಠದ್ದು. ನಿನ್ನ ದೌರ್ಬಲ್ಯ ಏನು ಅಂತ ಕೇಳುತ್ತಾರಲ್ಲ, ಅದಕ್ಕೆ ಒಬ್ಬಳು 'ಐ ಆ್ಯಮ್ ಅಡಮೆಂಟ್' ಅಂದಳು. ಮನೆಯಲ್ಲಿ ಅಮ್ಮ ಬೈಯುವ ಪದವಂತೆ. ಏನು ಹಠ ಮಾಡಿದ್ದೆ ಅಂತ ಕೇಳಿದರೆ, ಮನೆಯಲ್ಲಿ ಬೇಡ ಅಂದರೂ ಬಿಡದೆ ಡಿಗ್ರಿಗೆ ಸೇರಿದ್ದಳು. ಮೂರು ವರ್ಷ ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಬಂದಿದ್ದಳು. ಅದು ಹಠ ಅಲ್ಲ, ಛಲ! ಕನ್ನಡದಲ್ಲಿ ನಮಗೆ ಎರಡು ಪದ ಇದ್ದಂತೆ ಇಂಗ್ಲಿಷಿನಲ್ಲೂ ಇವೆ. 'ಸ್ಟಬರ್ನ್', 'ಅಡಮೆಂಟ್' ಹಠದ ಕಡೆಗೆ. 'ಡಿಟರ್ಮಿನ್ಡ್', 'ಪರ್ಸಿಸ್ಟೆಂಟ್' ಛಲದ ಕಡೆಗೆ. ಅವಳು ತನ್ನ ಅತ್ಯಂತ ಒಳ್ಳೆಯ ಗುಣವನ್ನು ದೌರ್ಬಲ್ಯದ ಖಾನೆಗೆ ಹಾಕಿದ್ದಳು, ಬೈಗುಳದ ಪದವೊಂದೇ ಗೊತ್ತಿದ್ದ ಕಾರಣ. ಇದು ನನಗೆ ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಕೊಬ್ಬರಿ ಹುಡುಗಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಇಂಟರ್‌ವ್ಯೂ ಕೊಟ್ಟು ಬಂದಳು. ಅಕೌಂಟ್ಸ್ ವಿಭಾಗದ ಕೆಲಸ. ಅಟ್ಟದ ವಿಷಯ ಹೇಳಿದಳಂತೆ. ಎದುರಿಗಿದ್ದವರು ಪೆನ್ನು ಕೆಳಗಿಟ್ಟು, ಕಾಯಿ ಒಡೆಯದೆ ಒಳಗೆ ಒಣಗಿದ್ದು ಹೇಗೆ ತಿಳಿಯುತ್ತೆ ಅಂತ ಕೇಳಿದರಂತೆ. ಅವಳು ಅಲ್ಲೂ ಕೈಯೆತ್ತಿ ಅಲ್ಲಾಡಿಸಿ ತೋರಿಸಿದಳಂತೆ. ಆ ಕೆಲಸ ಅವಳಿಗೆ ಸಿಗಲಿಲ್ಲ. ಮುಂದಿನ ತಿಂಗಳು ಇನ್ನೊಂದು ಕಡೆ ಸಿಕ್ಕಿತು.

ಈಗ ಶನಿವಾರದ ಮಕ್ಕಳೆಲ್ಲ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಎಡಗಡೆ ಪುಟದಲ್ಲಿ ಕನ್ನಡದಲ್ಲಿ ತಾವು ಮಾಡಿದ ಒಂದು ಕೆಲಸ, ಬಲಗಡೆ ಪುಟದಲ್ಲಿ ಅದಕ್ಕೆ ಒಪ್ಪುವ ಇಂಗ್ಲಿಷ್ ಪದ. ಹೋದ ವಾರ ಒಬ್ಬ ಹುಡುಗ ಎಡಗಡೆ ಬರೆದಿದ್ದ: 'ಅಂಗಡಿಯಲ್ಲಿ ಮಾಮ ಸಂಬಳ ಕಮ್ಮಿ ಕೊಟ್ಟರು, ದಾಕ್ಷಿಣ್ಯಕ್ಕೆ ಕೇಳಲಿಲ್ಲ.' ದಾಕ್ಷಿಣ್ಯಕ್ಕೆ ಏನು ಪದ ಮೇಡಂ ಅಂದ. 'ಶೈ' ಅಲ್ಲ, ಅವನು ನಾಚಿಕೆ ಸ್ವಭಾವದವನೇ ಅಲ್ಲ. 'ಪೊಲೈಟ್' ಸಾಲದು. 'ಒಬ್ಲೈಜ್ಡ್' ಅಂದರೆ ಋಣದ ಕಡೆ ಜಾರುತ್ತದೆ. 'ಕನ್ಸಿಡರೇಟ್' ಅಂದರೆ ಬರೀ ಒಳ್ಳೆಯತನ ಉಳಿಯುತ್ತದೆ, ಒಳಗಿನ ಇಕ್ಕಟ್ಟು ಹೋಗಿಬಿಡುತ್ತದೆ. ಮುಕ್ಕಾಲು ಗಂಟೆ ಎಲ್ಲರೂ ಸೇರಿ ಹುಡುಕಿದೆವು. ಅವನ ಬಲಗಡೆ ಪುಟ ಇನ್ನೂ ಖಾಲಿ ಇದೆ. ನಿಮಗೆ ಯಾರಿಗಾದರೂ ಹೊಳೆದರೆ ಬರೆದು ತಿಳಿಸಿ, ಶನಿವಾರ ಅವನಿಗೆ ಹೇಳುತ್ತೇನೆ.

ನಮಸ್ಕಾರ.