ಪೇಟೆಂಟ್ ಇರುವ ಔಷಧವನ್ನು ಬೇರೆ ಕಂಪನಿ ಮಾಡಬಹುದಾ? ನೆಕ್ಸಾವರ್ ಕೇಸ್

(ಸ್ಕ್ರೀನ್ ಮೇಲೆ: 120 ಮಾತ್ರೆ, 2,80,428 ರೂಪಾಯಿ)

2011ರ ಸುಮಾರಿಗೆ ಇದು ಬರೀ ಒಂದು ತಿಂಗಳ ಖರ್ಚಾಗಿತ್ತು. ದಿನಕ್ಕೆ ನಾಲ್ಕು ಮಾತ್ರೆ. ಹೆಸರು ನೆಕ್ಸಾವರ್. ಕಿಡ್ನಿ, ಲಿವರ್ ಕ್ಯಾನ್ಸರ್ ಮುಂದುವರಿದವರಿಗೆ ಕೊಡುವ ಔಷಧ. ಜರ್ಮನಿಯ ಬೇಯರ್ ಕಂಪನಿಗೆ ಇದರ ಮೇಲೆ 2008ರಲ್ಲಿ ಭಾರತದ ಪೇಟೆಂಟ್ ಸಿಕ್ಕಿತು.

ಪೇಟೆಂಟ್ ಇದ್ದರೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ನಿಮ್ಮ ಒಪ್ಪಿಗೆ ಇಲ್ಲದೆ ಬೇರೆ ಯಾರೂ ಅದನ್ನು ಮಾಡಿ ಮಾರುವ ಹಾಗಿಲ್ಲ. ಆದರೆ ನಮ್ಮ ಕಡೆ ರೈತರಿಗೆ ಸಿಗುವ ಸಾಗುವಳಿ ಚೀಟಿಯ ಹಾಗೆ, ಈ ಕಾಗದವೂ ಷರತ್ತುಗಳ ಸಮೇತ ಬರುತ್ತದೆ. ಜಾಸ್ತಿ ಜನ ಅದನ್ನು ಗಮನಿಸುವುದಿಲ್ಲ.

(ಸ್ಕ್ರೀನ್ ಮೇಲೆ: ಪೇಟೆಂಟ್ ಕಾಯ್ದೆ 1970, ಸೆಕ್ಷನ್ 84)

ಪೇಟೆಂಟ್ ಕೊಟ್ಟು ಮೂರು ವರ್ಷ ಆದ ಮೇಲೆ ಬೇರೆಯವರು ಕಡ್ಡಾಯ ಲೈಸೆನ್ಸ್ ಕೇಳಬಹುದು, ಅಂದರೆ ಮಾಲೀಕರು ಒಪ್ಪದಿದ್ದರೂ ಅದನ್ನು ಮಾಡಿ ಮಾರಲು ಪೇಟೆಂಟ್ ಕಚೇರಿಯ ಅನುಮತಿ. ಜನರಿಗೆ ಬೇಕಾದಷ್ಟು ಸಿಗುತ್ತಿಲ್ಲ, ಬೆಲೆ ಕೈಗೆಟುಕುತ್ತಿಲ್ಲ, ಭಾರತದಲ್ಲಿ ಅದನ್ನು ಬಳಕೆಗೆ ತಂದಿಲ್ಲ. ಇವುಗಳಲ್ಲಿ ಒಂದು ಸಾಬೀತಾದರೂ ಸಾಕು.

ಹೈದರಾಬಾದಿನ ಔಷಧ ಕಂಪನಿ ನ್ಯಾಟ್ಕೋ ಮೊದಲು ಬೇಯರ್ ಹತ್ತಿರವೇ ಲೈಸೆನ್ಸ್ ಕೇಳಿತು. ಆಗಲ್ಲ ಅಂದರು. 2011ರಲ್ಲಿ ಕಡ್ಡಾಯ ಲೈಸೆನ್ಸ್‌ಗೆ ಅರ್ಜಿ ಹಾಕಿತು.

ವಿಚಾರಣೆಯಲ್ಲಿ ಒಂದು ಮಜಾ ನಡೆಯಿತು. ಸಿಪ್ಲಾ ಅನ್ನೋ ಇನ್ನೊಂದು ಭಾರತೀಯ ಕಂಪನಿ ಕೂಡ ಇದೇ ಔಷಧವನ್ನು ಕಡಿಮೆ ಬೆಲೆಗೆ ಮಾರುತ್ತಿದೆ, ಹಾಗಾಗಿ ಕೊರತೆ ಎಲ್ಲಿದೆ ಅಂತ ಬೇಯರ್ ವಾದಿಸಿತು. ಅದೇ ಸಿಪ್ಲಾ ಮಾರಬಾರದು ಅಂತ ಕೋರ್ಟಿಗೆ ಹೋದದ್ದೂ ಬೇಯರೇ! ಪೇಟೆಂಟ್ ಕಚೇರಿಯ ಮುಖ್ಯಸ್ಥ, ಕಂಟ್ರೋಲರ್ ಪಿ.ಎಚ್. ಕುರಿಯನ್ ಈ ಇಬ್ಬಗೆಯ ವಾದವನ್ನು ಒಪ್ಪಲಿಲ್ಲ. ಬೇಕಾದ ರೋಗಿಗಳಲ್ಲಿ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ ಜನರಿಗೆ ಮಾತ್ರ ಬೇಯರ್ ಔಷಧ ತಲುಪಿದೆ ಅಂತ ಆದೇಶದಲ್ಲಿ ಬರೆದರು.

ಬೇಯರ್‌ನ ಇನ್ನೊಂದು ಮಾತನ್ನು ಮಾತ್ರ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಹೊಸ ಔಷಧ ಹುಡುಕೋಕೆ ವರ್ಷಗಟ್ಟಲೆ ದುಡ್ಡು ಸುರಿಯಬೇಕು, ಅದು ಎಲ್ಲಿಂದಾದರೂ ವಾಪಸ್ ಬರಬೇಕಲ್ವಾ? ಆದರೆ ಎರಡೂಮುಕ್ಕಾಲು ಲಕ್ಷ ದಾಟುವ ಬಿಲ್ ಮುಂದೆ ಆ ವಾದ ನನಗೂ ನಿಲ್ಲಲಿಲ್ಲ.

(ಸ್ಕ್ರೀನ್ ಮೇಲೆ: 9 ಮಾರ್ಚ್ 2012)

ನ್ಯಾಟ್ಕೋಗೆ ಲೈಸೆನ್ಸ್ ಸಿಕ್ಕಿತು. ಭಾರತದಲ್ಲಿ ಇಂಥದ್ದು ಮೊದಲ ಸಲ. ಅದಕ್ಕೂ ಷರತ್ತು: 120 ಮಾತ್ರೆಗೆ 8,880 ರೂಪಾಯಿ ಮೀರಬಾರದು. ವರ್ಷಕ್ಕೆ ಕನಿಷ್ಠ 600 ಬಡ ರೋಗಿಗಳಿಗೆ ಉಚಿತವಾಗಿ ಕೊಡಬೇಕು. ಮಾರಾಟದ ಹಣದಲ್ಲಿ ಬೇಯರ್‌ಗೆ ನೂರಕ್ಕೆ 6 ರಾಯಲ್ಟಿ. ಪೇಟೆಂಟ್ ರದ್ದಾಗಲಿಲ್ಲ ಅನ್ನೋದು ನೆನಪಿರಲಿ. ಅದು ಬೇಯರ್ ಹೆಸರಲ್ಲೇ ಇತ್ತು.

ಮೇಲ್ಮನವಿಯಲ್ಲಿ ರಾಯಲ್ಟಿ ನೂರಕ್ಕೆ 7 ಆಯಿತು. ಬಾಂಬೆ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಕೂಡ ಬೇಯರ್ ಅರ್ಜಿಯನ್ನು ತಳ್ಳಿಹಾಕಿತು.

ಹಾಗಂತ ಕೇಳಿದವರಿಗೆಲ್ಲ ಸಿಗುವುದಿಲ್ಲ. 2013ರಲ್ಲಿ ಬಿಡಿಆರ್ ಕಂಪನಿ ದಾಸಾಟಿನಿಬ್ ಅನ್ನೋ ಇನ್ನೊಂದು ಕ್ಯಾನ್ಸರ್ ಔಷಧಕ್ಕೆ ಅರ್ಜಿ ಹಾಕಿತ್ತು. ಪೇಟೆಂಟ್ ಮಾಲೀಕರ ಜೊತೆ ಮೊದಲು ಸರಿಯಾಗಿ ಮಾತುಕತೆ ನಡೆಸಿಲ್ಲ ಅಂತ ಆ ಅರ್ಜಿ ತಿರಸ್ಕಾರವಾಯಿತು.