ಬೀಗದ ಕೈ ಒಂದೇ, ಬೀಗ ಹಲವು

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲೇ ನನ್ನದೊಂದು ತಕರಾರು ಹೇಳಿಬಿಡುತ್ತೇನೆ. ಡೋಪಮೈನ್ ಅಂದರೆ ಖುಷಿ, ಸೆರೊಟೋನಿನ್ ಅಂದರೆ ನೆಮ್ಮದಿ ಅಂತ ಹೇಳುವ ವಿಡಿಯೊಗಳನ್ನು ನೀವೆಲ್ಲ ನೋಡಿರುತ್ತೀರಿ. ಕೇಳುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಮಿದುಳು ಹಾಗೆ ಕೆಲಸ ಮಾಡುವುದಿಲ್ಲ. ಡೋಪಮೈನ್, ಸೆರೊಟೋನಿನ್ ಥರದ ರಾಸಾಯನಿಕ, ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬಿಡುವ ವಸ್ತು, ಬರೀ ಬೀಗದ ಕೈ ಇದ್ದ ಹಾಗೆ. ಅದು ಯಾವ ಬೀಗಕ್ಕೆ ಬಿತ್ತು, ಆ ಬಾಗಿಲ ಹಿಂದೆ ಏನಿತ್ತು ಅನ್ನುವುದೇ ಮುಖ್ಯ. ಕೋಶದ ಮೇಲಿರುವ ಆ ಬೀಗಕ್ಕೆ ರಿಸೆಪ್ಟರ್ ಅನ್ನುತ್ತಾರೆ.

ಇದಕ್ಕೆ ಒಂದು ಹಳೇ ಕಪ್ಪೆಯ ಕಥೆ ಇದೆ. ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಓಟೊ ಲೋವಿ ಅಂತ ವಿಜ್ಞಾನಿ ಇದ್ದರು. ಒಂದು ರಾತ್ರಿ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತು, ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು, ಬೆಳಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಅರ್ಥವಾಗಲಿಲ್ಲ! ಅದೃಷ್ಟಕ್ಕೆ ಮರುದಿನ ರಾತ್ರಿ ಮತ್ತೆ ಅದೇ ಹೊಳೆಯಿತು, ಈ ಸಲ ಸೀದಾ ಲ್ಯಾಬ್‌ಗೆ ಹೋದರು. ಒಂದು ಕಪ್ಪೆಯ ಹೃದಯದ ನರವನ್ನು ಕೆಣಕಿದರು, ಬಡಿತ ನಿಧಾನವಾಯಿತು. ಅದರ ಸುತ್ತ ಇದ್ದ ದ್ರವವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ನರ ತನ್ನ ಮಾತನ್ನು ರಾಸಾಯನಿಕದ ಮೂಲಕ ಮುಟ್ಟಿಸುತ್ತದೆ ಅಂತ ಗೊತ್ತಾಗಿದ್ದು ಹೀಗೆ. 1921ರಲ್ಲಿ ಇದನ್ನು ಪ್ರಕಟಿಸಿದರು, 1936ರಲ್ಲಿ ನೊಬೆಲ್ ಬಂತು. ಆ ರಾಸಾಯನಿಕ ಅಸಿಟೈಲ್‌ಕೋಲಿನ್. ತಮಾಷೆ ನೋಡಿ, ಹೃದಯವನ್ನು ನಿಧಾನ ಮಾಡುವ ಇದೇ ವಸ್ತು ಕೈಕಾಲಿನ ಸ್ನಾಯುವಿಗೆ ಬಿದ್ದರೆ ಸ್ನಾಯು ಬಿಗಿಯುತ್ತದೆ. ವಸ್ತು ಅದೇ, ರಿಸೆಪ್ಟರ್ ಬೇರೆ.

ಸರಿ, ಈಗ ನಿಯೋಕಾರ್ಟೆಕ್ಸ್‌ಗೆ ಬರೋಣ. ಮಿದುಳಿನ ಮೇಲುಗಡೆ ಸುಕ್ಕುಸುಕ್ಕಾಗಿ ಕಾಣುವ ಹೊದಿಕೆ ಅದು. ದಪ್ಪ ಬರೀ 2ರಿಂದ 4 ಮಿಲಿಮೀಟರ್. ಬಿಚ್ಚಿ ಹರಡಿದರೆ ದೊಡ್ಡದೊಂದು ಕರವಸ್ತ್ರದಷ್ಟಾಗುತ್ತದೆ. ಅಷ್ಟರಲ್ಲೇ 6 ಪದರ, ಸುಮಾರು 1,600 ಕೋಟಿ ನರಕೋಶ. ಮಾತು, ಲೆಕ್ಕ, ಯೋಜನೆ, ಕಣ್ಣಿಗೆ ಕಂಡದ್ದನ್ನು ಗುರುತಿಸುವುದು, ಇದಕ್ಕೆಲ್ಲ ಈ ಹೊದಿಕೆ ಬೇಕು.

ಇಲ್ಲಿ ದಿನನಿತ್ಯದ ಕೆಲಸ ನಡೆಸುವುದು ಡೋಪಮೈನ್ ಅಲ್ಲ, ಸೆರೊಟೋನಿನ್ನೂ ಅಲ್ಲ. ಹೆಸರು ಅಷ್ಟಾಗಿ ಕೇಳಿರದ ಇಬ್ಬರು: ಗ್ಲುಟಮೇಟ್ ಮತ್ತು ಗಾಬಾ. ಹತ್ತರಲ್ಲಿ ಸುಮಾರು ಎಂಟು ಕೋಶಗಳು ಗ್ಲುಟಮೇಟ್ ಬಿಟ್ಟು ಪಕ್ಕದವರನ್ನು ಎಬ್ಬಿಸುತ್ತವೆ, ಉಳಿದವು ಗಾಬಾ ಬಿಟ್ಟು ಸುಮ್ಮನಿರಿಸುತ್ತವೆ. ಎಬ್ಬಿಸುವವರು ಜಾಸ್ತಿ, ತಡೆಯುವವರು ಕಮ್ಮಿ, ಆದರೂ ತಡೆಯುವವರ ಹಿಡಿತ ಗಟ್ಟಿ. ಅದು ಸಡಿಲವಾದರೆ ಸಾವಿರಾರು ಕೋಶಗಳು ಒಟ್ಟಿಗೇ ಕೂಗಿಕೊಳ್ಳುತ್ತವೆ, ಫಿಟ್ಸ್ ಬರುತ್ತದೆ. ಫಿಟ್ಸ್ ನಿಲ್ಲಿಸಲು ತುರ್ತಾಗಿ ಕೊಡುವ ಡಯಾಜೆಪಾಮ್ ಥರದ ಔಷಧಿ ಗಾಬಾದ ರಿಸೆಪ್ಟರ್ ಮೇಲೇ ಕೂತು ಅದರ ಕೈ ಬಲಪಡಿಸುತ್ತದೆ.

ಗ್ಲುಟಮೇಟ್‌ಗೆ ಹಲವು ರಿಸೆಪ್ಟರ್ ಇವೆ, ನನಗೆ ತುಂಬಾ ಇಷ್ಟವಾದದ್ದು ಎನ್‌ಎಮ್‌ಡಿಎ. ಅದರ ಬಾಯಿಗೆ ಮೆಗ್ನೀಸಿಯಮ್ ಒಂದು ಬಿರಡೆ ಥರ ಸಿಕ್ಕಿಕೊಂಡಿರುತ್ತದೆ. ಗ್ಲುಟಮೇಟ್ ಬಂದರಷ್ಟೇ ಸಾಲದು, ಆ ಹೊತ್ತಿಗೆ ಅದನ್ನು ಪಡೆಯುವ ಕೋಶವೂ ಎಚ್ಚರವಾಗಿರಬೇಕು, ಆಗ ಮಾತ್ರ ಬಿರಡೆ ಕಳಚಿ ಕ್ಯಾಲ್ಸಿಯಮ್ ಒಳಗೆ ನುಗ್ಗುತ್ತದೆ. ಎರಡು ಸಂಗತಿ ಒಟ್ಟಿಗೇ ನಡೆದವು ಅಂತ ಗುರುತು ಹಾಕಿಕೊಳ್ಳುವ ಯಂತ್ರ ಇದು. ಕಲಿಕೆ ಶುರುವಾಗುವುದೇ ಇಂಥ ಕಡೆ, ಅಲ್ವಾ?

ಇದು ಕೈಕೊಟ್ಟರೆ ಏನಾಗುತ್ತದೆ? 2007ರಲ್ಲಿ ನರರೋಗ ತಜ್ಞ ಜೋಸೆಪ್ ಡಾಲ್ಮೌ ಮತ್ತು ಅವರ ತಂಡ ಒಂದು ಕಾಯಿಲೆಯ ಗುಟ್ಟು ಬಿಚ್ಚಿಟ್ಟರು. ದೇಹದ ರಕ್ಷಣಾ ವ್ಯವಸ್ಥೆಯೇ ಎನ್‌ಎಮ್‌ಡಿಎ ರಿಸೆಪ್ಟರ್‌ಗಳ ಮೇಲೆ ತಿರುಗಿ ಬೀಳುತ್ತದೆ, ಅವು ಕೋಶದ ಮೇಲ್ಮೈಯಿಂದ ಕಾಣೆಯಾಗುತ್ತಾ ಹೋಗುತ್ತವೆ. ಹೆಚ್ಚಾಗಿ ಎಳೆ ವಯಸ್ಸಿನ ಹೆಂಗಸರಲ್ಲಿ ಕಾಣಿಸುತ್ತದೆ, ಕೆಲವರಲ್ಲಿ ಅಂಡಾಶಯದ ಗಡ್ಡೆ ಇದಕ್ಕೆ ಕಾರಣವಾಗಿರುತ್ತದೆ. ಚೆನ್ನಾಗಿದ್ದವರು ಕೆಲವೇ ದಿನಗಳಲ್ಲಿ ಇಲ್ಲದ್ದು ಕಾಣಲು, ಎಲ್ಲರನ್ನೂ ಅನುಮಾನಿಸಲು ಶುರು ಮಾಡುತ್ತಾರೆ, ಆಮೇಲೆ ಫಿಟ್ಸ್, ಆಮೇಲೆ ಮಾತೇ ನಿಂತುಹೋಗುತ್ತದೆ. ಎಷ್ಟೋ ಜನರನ್ನು ಮೊದಲು ಮಾನಸಿಕ ರೋಗಿ ಅಂದುಕೊಂಡೇ ಸೇರಿಸಿಕೊಳ್ಳುತ್ತಾರೆ. ಗಡ್ಡೆ ಇದ್ದರೆ ತೆಗೆದು, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಇದನ್ನು ಓದಿದ ಮೇಲೆ 'ಇದು ಮನಸ್ಸಿನ ಕಾಯಿಲೆ, ಅದು ಮಿದುಳಿನ ಕಾಯಿಲೆ' ಅಂತ ಗೆರೆ ಎಳೆಯುವುದು ನನಗಂತೂ ಕಷ್ಟವಾಗಿದೆ.

ನೆನಪು ಅಳಿಸಿಹೋಗುವ ಅಲ್ಝೈಮರ್ ಕಾಯಿಲೆಯಲ್ಲಿ ನಿಯೋಕಾರ್ಟೆಕ್ಸ್‌ಗೆ ಅಸಿಟೈಲ್‌ಕೋಲಿನ್ ಕಳಿಸುವ ಕೋಶಗಳು ಸಾಯುತ್ತವೆ. ಹೌದು, ಕಪ್ಪೆಯ ಹೃದಯದಲ್ಲಿ ಸಿಕ್ಕ ಅದೇ ವಸ್ತು. ಉಳಿದಷ್ಟು ಬೇಗ ಕರಗಿಹೋಗದಂತೆ ತಡೆಯುವ ಮಾತ್ರೆಗಳಿವೆ. ಅವು ಸ್ವಲ್ಪ ಕಾಲ ಸ್ವಲ್ಪ ಸಹಾಯ ಮಾಡುತ್ತವೆ, ರೋಗವನ್ನು ನಿಲ್ಲಿಸುವುದಿಲ್ಲ.

ಖಿನ್ನತೆಯ ವಿಷಯಕ್ಕೆ ಬಂದರೆ, 'ಸೆರೊಟೋನಿನ್ ಕಮ್ಮಿಯಾಗಿದೆ, ಅಷ್ಟೇ' ಅನ್ನುವ ಮಾತು ಬಹಳ ತೆಳು. ಖಿನ್ನತೆಯ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಕೋಶಗಳ ನಡುವೆ ಸೆರೊಟೋನಿನ್ ಮೇಲೆ ಅದರ ಪರಿಣಾಮ ಶುರುವಾಗುತ್ತದೆ, ಮನಸ್ಸು ಹಗುರವಾಗಲು ಮಾತ್ರ ವಾರಗಳೇ ಬೇಕು. ಬರೀ ಕೊರತೆ ತುಂಬುವುದೇ ಕೆಲಸವಾಗಿದ್ದರೆ ಇಷ್ಟು ತಡ ಯಾಕೆ? ಹಾಗಂತ ಮಾತ್ರೆ ಸುಳ್ಳು ಅಂತಲ್ಲ, ತುಂಬಾ ಜನಕ್ಕೆ ಅದು ಕೆಲಸ ಮಾಡುತ್ತದೆ. ಆ ವಾರಗಳಲ್ಲಿ ರಿಸೆಪ್ಟರ್‌ಗಳು, ಕೋಶಗಳ ಸಂಪರ್ಕಗಳು ನಿಧಾನಕ್ಕೆ ಬದಲಾಗುತ್ತವೆ.

ಕೊನೆಗೆ ಡೋಪಮೈನ್. 1952ರಲ್ಲಿ ಕ್ಲೋರ್‌ಪ್ರೊಮಜೈನ್ ಅನ್ನುವ ಔಷಧಿ ಬಂದಾಗ, ಇಲ್ಲದ ಧ್ವನಿ ಕೇಳಿಸುವ ಸ್ಕಿಜೋಫ್ರೀನಿಯಾ ಕಾಯಿಲೆ ಇದ್ದವರ ಕಿವಿಯೊಳಗಿನ ಆ ಧ್ವನಿಗಳು ತಗ್ಗಿದವು. ಅದು ಡೋಪಮೈನ್‌ನ ಡಿ2 ರಿಸೆಪ್ಟರನ್ನು ಮುಚ್ಚುತ್ತದೆ ಅಂತ ಗೊತ್ತಾಗಿದ್ದು ಎಷ್ಟೋ ಆಮೇಲೆ. ಆದರೆ ಮಾತ್ರೆಗೆ ವಿಳಾಸ ಓದಲು ಬರುವುದಿಲ್ಲ. ಮಿದುಳಿನ ಆಳದಲ್ಲಿ ಚಲನೆ ನೋಡಿಕೊಳ್ಳುವ ಜಾಗದಲ್ಲೂ ಡಿ2 ಇದೆ, ಅಲ್ಲೂ ಮುಚ್ಚುತ್ತದೆ, ಹಾಗಾಗಿ ಕೆಲವರಿಗೆ ಪಾರ್ಕಿನ್ಸನ್ ಥರ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ. ಇನ್ನು ನಿಜವಾದ ಪಾರ್ಕಿನ್ಸನ್ ಇರುವವರಿಗೆ ಡೋಪಮೈನ್ ಹೆಚ್ಚಿಸುವ ಔಷಧಿ ಕೊಟ್ಟರೆ ನಡುಕ, ಬಿಗಿತ ತಗ್ಗುತ್ತದೆ, ಆದರೆ ಕೆಲವರಿಗೆ ರಾತ್ರಿ ಕೋಣೆಯ ಮೂಲೆಯಲ್ಲಿ ಇಲ್ಲದ ಮನುಷ್ಯರು ಕಾಣಿಸುತ್ತಾರೆ.